ಸಿಎನ್‌ಸಿ ಆಪರೇಟರ್ ಬೇಕು: ಪೋರ್ಟಲ್, ಗೇಟ್ ಬೋರ್ಡ್, ರೆಫರಲ್, ಕಾಂಟ್ರಾಕ್ಟರ್, ಅಪ್ರೆಂಟಿಸ್, ಯಾವ ದಾರೀಲಿ ಬಂದವ್ರು ಉಳ್ಕೊಳ್ತಾರೆ?

ಪೀಣ್ಯದಲ್ಲಿ ಮೆಷಿನಿಂಗ್ ಕೆಲಸ ಮಾಡೋ ಒಂದು ಮಧ್ಯಮ ಗಾತ್ರದ ಕಂಪನೀಲಿ ನಾನು ರಿಕ್ರೂಟ್‌ಮೆಂಟ್ ನೋಡ್ಕೊಳ್ತೀನಿ. ಬೆಂಗಳೂರಲ್ಲಿ ಹೈರಿಂಗ್ ಅಂದ ತಕ್ಷಣ ಎಲ್ರೂ ಐಟಿ ಬಗ್ಗೆನೇ ಮಾತಾಡ್ತಾರೆ, ಲೇಆಫು, ವರ್ಕ್ ಫ್ರಂ ಹೋಮು, 90 ದಿನದ ನೋಟಿಸ್ ಪೀರಿಯಡ್ಡು. ನಮ್ಮ ಕಡೆ ಸಮಸ್ಯೆನೇ ಬೇರೆ. ನಮಗೆ ವರ್ಷ ಪೂರ್ತಿ ಸಿಎನ್‌ಸಿ, ವಿಎಂಸಿ (ಕಂಪ್ಯೂಟರ್‌ನಿಂದ ನಡೆಯೋ, ಲೋಹ ಕಡಿಯೋ ಮೆಷಿನ್) ಆಪರೇಟರ್‌ಗಳು ಬೇಕು, ಮೆಷಿನ್ ಸೆಟ್ ಮಾಡಿ ಕೊಡೋ ಸೆಟ್ಟರ್‌ಗಳು ಬೇಕು, ಇನ್‌ಸ್ಪೆಕ್ಷನ್‌ಗೆ ಹೆಣ್ಮಕ್ಕಳು ಬೇಕು, ಎಷ್ಟೇ ತಗೊಂಡ್ರೂ ಮತ್ತೆ ಜಾಗ ಖಾಲಿ ಆಗ್ತಾನೇ ಇರುತ್ತೆ. ಒಂದೇ ಪೋಸ್ಟ್‌ಗೆ ಬೇರೆಬೇರೆ ದಾರೀಲಿ ಜನ ತಗೊಂಡು ನೋಡಿದೀನಿ, ಹೊಸದಾಗಿ ಈ ಕೆಲಸಕ್ಕೆ ಬಂದವ್ರು ಕೇಳ್ತಾನೇ ಇರ್ತಾರೆ ಯಾವುದು ಒಳ್ಳೇದು ಅಂತ, ಅದಕ್ಕೆ ಬರೀತಿದೀನಿ. ಎಷ್ಟು ಜನ ಜಾಯಿನ್ ಆದ್ರು ಅನ್ನೋ ಲೆಕ್ಕ ನಾನು ನೋಡಲ್ಲ. ಆಯುಧಪೂಜೆ ಬೋನಸ್ ತಗೊಂಡ ಮೇಲೂ ಯಾರು ಡ್ಯೂಟಿಗೆ ಬರ್ತಾರೆ ಅನ್ನೋದನ್ನ ನೋಡ್ತೀನಿ, ಯಾಕಂದ್ರೆ ನಮ್ಮ ಏರಿಯಾದಲ್ಲಿ ಜನ ಕೆಲಸ ಬದಲಾಯಿಸೋದು ಆ ಟೈಮಲ್ಲೇ ಜಾಸ್ತಿ.

ಮೊದಲು ಪೋರ್ಟಲ್. ಅಕೌಂಟ್ಸ್, ಪರ್ಚೇಸ್, ಕ್ವಾಲಿಟಿ ಇಂಜಿನಿಯರ್ ಇಂಥ ಪೋಸ್ಟ್‌ಗೆ ಇದನ್ನ ಬಿಟ್ರೆ ಬೇರೆ ಬೇಕಾಗಿಲ್ಲ, ನೌಕ್ರಿ ಡಾಟ್ ಕಾಮ್ 1997ರಲ್ಲಿ ಶುರುವಾಗಿದ್ದು, ಆಫೀಸ್ ಕೆಲಸದವ್ರಿಗೆ ಪ್ರೊಫೈಲ್ ಇಟ್ಕೊಳ್ಳೋದು ಅಭ್ಯಾಸ ಆಗಿಬಿಟ್ಟಿದೆ, ಬೆಳಗ್ಗೆ ಹುಡುಕಿದ್ರೆ ಸಂಜೆಗೆ ಇಂಟರ್ವ್ಯೂ ಫಿಕ್ಸ್ ಮಾಡ್ಬಹುದು. ಆಪರೇಟರ್‌ಗೆ ಮಾತ್ರ ಯಾವ ಪೋರ್ಟಲ್ಲೇ ಆಗ್ಲಿ ನನಗೆ ಕೈಕೊಟ್ಟಿದ್ದೇ ಜಾಸ್ತಿ. ಪ್ರೊಫೈಲ್ ಯಾವಾಗ್ಲೋ ಸೈಬರ್ ಸೆಂಟರ್‌ನಲ್ಲಿ ಮಾಡಿಸಿರ್ತಾರೆ, ಆಮೇಲೆ ಸಿಮ್ ಬದಲಾಯಿಸಿರ್ತಾರೆ, ಫೋನ್ ಎತ್ತಿದ್ರೂ "ನಾಳೆ ಬರ್ತೀನಿ ಮೇಡಂ" ಅಂತಾರೆ, ನಾಳೆ ಸ್ವಿಚ್ ಆಫ್. ಹುಡುಗರನ್ನ ಬೈಯೋಕೆ ಆಗಲ್ಲ, ಒಂದೇ ದಿನ ಅವರಿಗೆ ನಮ್ಮಂಥೋರದ್ದು ಎಷ್ಟೋ ಕಾಲ್ ಬಂದಿರುತ್ತೆ, ಯಾರು ಹತ್ರ ಇದಾರೋ ಅಲ್ಲಿಗೆ ಹೋಗ್ತಾರೆ. ಮೊಬೈಲ್ ಆಪ್‌ಗಳು ಬಂದ ಮೇಲೆ ಸ್ವಲ್ಪ ಪರವಾಗಿಲ್ಲ, ನಂಬರ್ ಸರಿ ಇರುತ್ತೆ, ಲೊಕೇಶನ್ ಗೊತ್ತಾಗುತ್ತೆ. ಆದ್ರೆ ಅಲ್ಲಿ ಇನ್ನೊಂದು ಪೈಪೋಟಿ ಇದೆ, ಫುಡ್ ಡೆಲಿವರಿ ಕೆಲಸ ಕೂಡ ಅದೇ ಸ್ಕ್ರೀನಲ್ಲಿ ಕಾಣುತ್ತೆ, ವಾರಕ್ಕೊಮ್ಮೆ ದುಡ್ಡು ಕೈಗೆ ಬರುತ್ತೆ ಅನ್ನೋದು ರೂಮ್ ಬಾಡಿಗೆ ಕಟ್ಟಬೇಕಾದ ಹುಡುಗನಿಗೆ ದೊಡ್ಡ ವಿಷಯ.

ಪೋರ್ಟಲ್‌ನಿಂದ ಬಂದ ಆಪರೇಟರ್‌ನ ಟ್ರೇಡ್ ಟೆಸ್ಟ್ ಇಲ್ದೆ ತಗೊಳ್ಳೋದು ಬೇಡ. ಬಯೋಡೇಟಾದಲ್ಲಿ ಮೆಷಿನ್ ನಡೆಸೋ ಫ್ಯಾನುಕ್, ಸೀಮೆನ್ಸ್ ಎರಡೂ ಕಂಟ್ರೋಲ್ ಬರುತ್ತೆ ಅಂತ ಇರುತ್ತೆ, ಮೆಷಿನ್ ಮುಂದೆ ನಿಲ್ಲಿಸಿದ್ರೆ ಪೀಸ್ ಹಾಕಿ ಸೈಕಲ್ ಸ್ಟಾರ್ಟ್ ಒತ್ತೋದು ಬಿಟ್ಟು ಬೇರೆ ಮಾಡಿಲ್ಲ ಅಂತ ಗೊತ್ತಾಗುತ್ತೆ. ನಮ್ಮ ಪ್ರೊಡಕ್ಷನ್‌ನವ್ರು ಕೇಳೋದು ಸಿಂಪಲ್ಲು: ಕೈಗೆ ಮೈಕ್ರೋಮೀಟರ್ ಕೊಟ್ಟು ಅಳತೆ ಓದಿಸ್ತಾರೆ, ಆಮೇಲೆ ಟರ್ನಿಂಗ್‌ನಲ್ಲಿ ಹೊರಗಿನ ಡಯಾ (ವ್ಯಾಸ) 0.05 ಮಿಲಿಮೀಟರ್ ಜಾಸ್ತಿ ಬರ್ತಿದೆ, ಏನ್ ಮಾಡ್ತೀಯಾ ಅಂತಾರೆ. ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆದಷ್ಟು ಅಳತೆ ತಿದ್ದೋ ಜಾಗ) ಎಕ್ಸ್‌ಗೆ, ಅಂದ್ರೆ ಡಯಾ ಕಡೆಗೆ, ಮೈನಸ್ 0.05 ಕೊಡ್ತೀನಿ ಅಂದವನು ಕೆಲಸ ಮಾಡಿರೋನು. ಸೆಟ್ಟರ್‌ನ ಕರೀತೀನಿ ಅಂದವನನ್ನೂ ನಾನು ವಾಪಸ್ ಕಳಿಸಲ್ಲ, ಅವನು ನಿಜ ಹೇಳ್ತಿದಾನೆ, ಕಲಿಸಬಹುದು, ಸಂಬಳ ಮಾತ್ರ ಅದಕ್ಕೆ ತಕ್ಕ ಹಾಗೆ ಇರುತ್ತೆ.

ಗೇಟ್ ಬೋರ್ಡ್, ಅಂದ್ರೆ ಫ್ಯಾಕ್ಟರಿ ಗೇಟಲ್ಲಿ "ಜನ ಬೇಕು" ಅಂತ ಹಾಕೋ ಬೋರ್ಡು, ಹಳೇ ಕಾಲದ್ದು ಅಂತ ನಮ್ಮ ಮ್ಯಾನೇಜ್‌ಮೆಂಟ್‌ಗೆ ಅನ್ಸುತ್ತೆ. ನನಗೆ ಅದರ ಮೇಲೆ ತುಂಬಾ ನಂಬಿಕೆ. ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಬೆಳಗ್ಗೆ ಓಡಾಡಿ ನೋಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬಯೋಡೇಟಾ, ಐಟಿಐ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಹಿಡ್ಕೊಂಡು ಗೇಟಿಂದ ಗೇಟಿಗೆ ಹೋಗೋ ಹುಡುಗರು ಈಗಲೂ ಇದಾರೆ. ಇದಕ್ಕೆ ಒಂದು ಟೈಮಿಂಗ್ ಇದೆ. ಸಾವಿರ ಜನಕ್ಕಿಂತ ಕಮ್ಮಿ ಇರೋ ಫ್ಯಾಕ್ಟರಿಗಳಲ್ಲಿ ಮೊದಲಿಂದ್ಲೂ 7ನೇ ತಾರೀಖಿನೊಳಗೆ ಸಂಬಳ ಹಾಕ್ಬೇಕು ಅಂತ ಕಾನೂನು, ಹಾಗಾಗಿ ಬಿಡೋರು ಸಂಬಳ ಬಂದ ಮಾರನೇ ದಿನ ಬಿಡ್ತಾರೆ, 8ರಿಂದ ಒಂದು ವಾರ ಗೇಟಲ್ಲಿ ಅನುಭವ ಇರೋರೇ ಸಿಗ್ತಾರೆ, 20ನೇ ತಾರೀಖಿನ ಮೇಲೆ ಬೋರ್ಡ್ ಹಾಕಿದ್ರೆ ಫ್ರೆಶರ್‌ಗಳು ಮಾತ್ರ. ನಡ್ಕೊಂಡು ಬರೋರು ಅಂದ್ರೆ ಹತ್ರದಲ್ಲೇ ಇರೋರು, ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ರೂಮ್ ಹತ್ರ ಇದ್ರೆ ಫಸ್ಟ್ ಶಿಫ್ಟ್‌ಗೆ ತಪ್ಪಿಸಲ್ಲ. ಪೋರ್ಟಲ್‌ನಿಂದ ದೂರದವ್ರನ್ನ ಕರೆಸಿ ರೂಮ್ ಹುಡುಕಿ ಕೊಟ್ಟು ಕೂರಿಸಿದ್ದಕ್ಕಿಂತ ಇವ್ರು ಜಾಸ್ತಿ ದಿನ ಇದಾರೆ.

ಹೆಣ್ಮಕ್ಕಳ ವಿಷಯದಲ್ಲಂತೂ ಗೇಟ್ ಬೋರ್ಡೇ ಮೇಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನೆಲಮಂಗಲ ಕಡೆಯಿಂದ, ಮಾಗಡಿ ರೋಡ್ ಕಡೆಯಿಂದ ಬರೋರು ಜಾಸ್ತಿ ಆದ್ರು, ಮೊದಲು ಬಸ್ ಚಾರ್ಜ್ ಕಳೆದ್ರೆ ಏನ್ ಉಳಿಯುತ್ತೆ ಅಂತ ಮನೇಲೇ ಇದ್ದವ್ರು. 2024ರ ನವೆಂಬರ್‌ನಲ್ಲಿ ಮೆಟ್ರೋ ಗ್ರೀನ್ ಲೈನ್ ಮಾದಾವರದ ತನಕ ಹೋದದ್ದೂ ಸಹಾಯ ಆಯ್ತು. ಇವ್ರು ಕೇಳೋ ಪ್ರಶ್ನೆಗಳೇ ಬೇರೆ: ಜನರಲ್ ಶಿಫ್ಟಾ, ಎಷ್ಟೊತ್ತಿಗೆ ಬಿಡ್ತೀರಾ, ಟಾಯ್ಲೆಟ್ ಎಲ್ಲಿದೆ. ದೇವನಹಳ್ಳಿ, ನರಸಾಪುರ ಕಡೆ ದೊಡ್ಡ ಫೋನ್ ಫ್ಯಾಕ್ಟರಿಗಳು ಬಂದ ಮೇಲೆ "ಹಾಸ್ಟೆಲ್ ಇದ್ಯಾ ಮೇಡಂ" ಅನ್ನೋದೂ ಸೇರ್ಕೊಂಡಿದೆ. ಅಂಥ ಕಂಪನಿಗಳ ಜೊತೆ ನಾವು ಪೈಪೋಟಿ ಮಾಡೋಕೆ ಆಗಲ್ಲ, ಆದ್ರೆ ಸಂಜೆ ಐದೂವರೆಗೆ ಬಿಡ್ತೀವಿ ಅಂದ್ರೆ ಐದೂವರೆಗೆ ಬಿಡೋದು ನಮ್ಮ ಕೈಯಲ್ಲೇ ಇದೆ, ಮಗು ಸ್ಕೂಲಿಂದ ಬರೋ ಹೊತ್ತಿಗೆ ಮನೆ ಸೇರಬೇಕಾದ ತಾಯಿಗೆ ಅದೇ ಸಂಬಳದಷ್ಟು ಮುಖ್ಯ.

ರೆಫರಲ್. ಉಳಿಯೋ ವಿಷಯಕ್ಕೆ ಬಂದ್ರೆ ಪೋರ್ಟಲ್, ಗೇಟ್ ಎರಡಕ್ಕಿಂತ ಮೇಲು. ಶಿರಾದಿಂದ ಬಂದ ಒಬ್ಬ ಒಳ್ಳೇ ಆಪರೇಟರ್ ಇದ್ರೆ ಅವನ ತಮ್ಮ ಬರ್ತಾನೆ, ತಮ್ಮನ ಫ್ರೆಂಡ್ ಬರ್ತಾನೆ, ಎಲ್ರೂ ಒಂದೇ ರೂಮಲ್ಲಿ ಇರ್ತಾರೆ, ಒಬ್ಬ ಬೆಳಗ್ಗೆ ಏಳದೆ ಇದ್ರೆ ಇನ್ನೊಬ್ಬ ಎಬ್ಬಿಸ್ಕೊಂಡು ಬರ್ತಾನೆ, ಕೆಲಸ ಎಷ್ಟು ಕಷ್ಟ, ಸೂಪರ್‌ವೈಸರ್ ಹೇಗೆ, ಓಟಿ ಎಷ್ಟು ಸಿಗುತ್ತೆ ಎಲ್ಲ ಮೊದಲೇ ತಿಳ್ಕೊಂಡು ಬಂದಿರ್ತಾನೆ. ನಾನು ಎಷ್ಟು ಚೆನ್ನಾಗಿ ವಿವರಿಸಿದ್ರೂ ಅಣ್ಣ ಹೇಳಿದಷ್ಟು ನಂಬಿಕೆ ಬರಲ್ಲ. ಕರ್ಕೊಂಡು ಬಂದವನಿಗೆ ಕೊಡೋ ದುಡ್ಡನ್ನ ಎರಡು ಭಾಗ ಮಾಡಿ, ಮೂರು ತಿಂಗಳಿಗೆ ಅರ್ಧ, ಆಯುಧಪೂಜೆ ಆದ್ಮೇಲೆ ಉಳಿದದ್ದು ಕೊಡಿ, ಆಗ ಅವನೂ ಸ್ವಲ್ಪ ನೋಡ್ಕೊಳ್ತಾನೆ.

ತೊಂದರೆಗಳು ಎರಡು. ಊರ ಜಾತ್ರೆ ಬಂತು ಅಂದ್ರೆ ಒಂದು ಲೈನ್ ಪೂರ್ತಿ ರಜೆ, ಒಬ್ಬನಿಗೆ ಬೇಜಾರಾಯ್ತು ಅಂದ್ರೆ ಎಲ್ರೂ ಒಟ್ಟಿಗೆ ಬ್ಯಾಗ್ ಎತ್ಕೊಳ್ತಾರೆ. ಅದಕ್ಕೆ ಒಂದು ಊರಿನವ್ರನ್ನ ಒಂದೇ ಸೆಲ್‌ಗೆ (ಮೆಷಿನ್ ಗುಂಪಿಗೆ), ಒಂದೇ ಶಿಫ್ಟ್‌ಗೆ ಹಾಕಲ್ಲ, ರೂಮಲ್ಲಿ ಹೇಗೂ ಜೊತೆಗಿರ್ತಾರೆ. ಎರಡನೇದು ನನಗೆ ಜಾಸ್ತಿ ಚಿಂತೆ. ಗಂಡಸರು ಗಂಡಸರನ್ನೇ ಕರ್ಕೊಂಡು ಬರ್ತಾರೆ, ತಮ್ಮ ಕಡೆಯವ್ರನ್ನೇ ಕರ್ಕೊಂಡು ಬರ್ತಾರೆ, ರೆಫರಲ್ ಒಂದನ್ನೇ ನಂಬಿದ್ರೆ ಹೊರಗೆ ನಿಂತಿರೋ ಒಳ್ಳೇ ಕೆಲಸಗಾರನಿಗೆ, ಯಾರೂ ಗೊತ್ತಿಲ್ಲದ ಹೆಣ್ಮಗಳಿಗೆ ಬಾಗಿಲೇ ಇರಲ್ಲ. ಇದೇ ಕಾರಣಕ್ಕೆ ರೆಫರಲ್ ಚೆನ್ನಾಗಿ ನಡೀತಿದ್ರೂ ಗೇಟ್ ಬೋರ್ಡ್ ತೆಗೀಬೇಡಿ ಅಂತ ನಾನು ಹಠ ಹಿಡಿಯೋದು.

ಕನ್ಸಲ್ಟೆನ್ಸಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ವರ್ಷದ ಸಂಬಳದ 8.33 ಪರ್ಸೆಂಟ್, ಅಂದ್ರೆ ಒಂದು ತಿಂಗಳ ಸಂಬಳದಷ್ಟು ಫೀಸು, ಮಧ್ಯದಲ್ಲಿ ಬಿಟ್ರೆ ರಿಪ್ಲೇಸ್‌ಮೆಂಟ್. ಪ್ಲಾಂಟ್ ಹೆಡ್, ಟೂಲ್ ರೂಮ್ ಇನ್‌ಚಾರ್ಜ್ ಇಂಥ ಪೋಸ್ಟ್‌ಗೆ ಸರಿ, ಆಪರೇಟರ್‌ಗೆ ಬೇಡ.

ಇನ್ನು ಕಾಂಟ್ರಾಕ್ಟರ್. ಸ್ಪೀಡಲ್ಲಿ ಇವರನ್ನ ಮೀರಿಸೋರಿಲ್ಲ, ಸಂಜೆ ಫೋನ್ ಮಾಡಿದ್ರೆ ಬೆಳಗ್ಗೆ ಆರಕ್ಕೆ ಜನ ಗೇಟಲ್ಲಿ. ಆರ್ಡರ್ ರಶ್ ಇದ್ದಾಗ, ಪ್ಯಾಕಿಂಗ್, ಲೋಡಿಂಗ್‌ಗೆ ನಾವೂ ತಗೊಳ್ತೀವಿ. ಆದ್ರೆ ಮೆಷಿನ್ ಮೇಲೆ ಕಾಂಟ್ರಾಕ್ಟ್ ಹುಡುಗರನ್ನ ಕಾಯಂ ಆಗಿ ನಿಲ್ಲಿಸೋದಕ್ಕೆ ನನ್ನ ವಿರೋಧ ಇದೆ, ಇದನ್ನ ಮೀಟಿಂಗಲ್ಲೂ ಹೇಳಿದೀನಿ. ಒಂದೇ ಮೆಷಿನ್ನು, ಒಂದೇ ಪೀಸು, ಸಂಬಳ ಮಾತ್ರ ಎರಡು, ಯೂನಿಫಾರ್ಮ್ ಬಣ್ಣ ಬೇರೆ, ಕ್ಯಾಂಟೀನಲ್ಲಿ ಬೇರೆ ಟೇಬಲ್ಲಲ್ಲಿ ಕೂರ್ತಾರೆ, ಇದು ಒಳಗೊಳಗೇ ಕೊಳೆಯುತ್ತೆ. ಕಾನೂನಿನ ಕಡೆಯಿಂದ ನೋಡಿದ್ರೂ ಕಾಂಟ್ರಾಕ್ಟರ್ ಪಿಎಫ್ ಕಟ್ಟದೆ ಇದ್ರೆ ಕೊನೆಗೆ ಜವಾಬ್ದಾರಿ ಪ್ರಿನ್ಸಿಪಲ್ ಎಂಪ್ಲಾಯರ್, ಅಂದ್ರೆ ಕೆಲಸ ಮಾಡಿಸ್ಕೊಳ್ಳೋ ಕಂಪನಿ ಮೇಲೇ ಬರುತ್ತೆ. ಒಬ್ಬ ಕಾಂಟ್ರಾಕ್ಟರ್ ಹತ್ರ ನಮಗೆ ಇದೇ ಆಯ್ತು, ಹುಡುಗರ ಸಂಬಳದಲ್ಲಿ ಹಿಡಿದಿದ್ದ ಅವರ ಕಾಸೇ ಪಿಎಫ್ ಅಕೌಂಟಿಗೆ ಹೋಗಿರಲಿಲ್ಲ. ಅದಾದ ಮೇಲೆ ಪ್ರತಿ ತಿಂಗಳು ಚಲನ್ ಜೊತೆಗೆ ಯಾರಿಗೆ ಎಷ್ಟು ಪಿಎಫ್ ಕಟ್ಟಿದೆ ಅಂತ ಹೆಸರು ಹೆಸರಾಗಿ ತೋರಿಸೋ ಪಟ್ಟಿ (ಇಸಿಆರ್) ಕೊಟ್ರೆ ಮಾತ್ರ ಬಿಲ್ ಪಾಸ್. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ್ವಲ್ಲ, ಅದರ ಪ್ರಕಾರ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಇದು ಯಾವತ್ತೋ ಆಗಬೇಕಿತ್ತು, ಎಷ್ಟೋ ವರ್ಷ ದುಡಿದು ಕೈಯಲ್ಲಿ ಒಂದು ಹಾಳೆ ಇಲ್ಲದ ಆಪರೇಟರ್‌ಗಳನ್ನ ನಾನೇ ಇಂಟರ್ವ್ಯೂ ಮಾಡಿದೀನಿ, ಅನುಭವ ಇದೆ, ತೋರಿಸೋಕೆ ಏನೂ ಇಲ್ಲ.

ಕೊನೆಯದು ಅಪ್ರೆಂಟಿಸ್, ನನ್ನ ಒಲವು ಇದರ ಕಡೆಗೇ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಂಪನಿ ಒಟ್ಟು ಸಂಖ್ಯೆಯ 2.5ರಿಂದ 15 ಪರ್ಸೆಂಟ್ ಅಪ್ರೆಂಟಿಸ್‌ಗಳನ್ನ ತಗೊಳ್ಳೋದು ಕಡ್ಡಾಯ, ಹಾಗಾಗಿ ಬಹಳ ಕಡೆ ಇದನ್ನ ಒಂದು ಕಾಗದದ ಕೆಲಸ ಅಂತ ಮುಗಿಸ್ತಾರೆ, ಹುಡುಗರನ್ನ ವರ್ಷ ಪೂರ್ತಿ ಪೀಸ್‌ಗಳ ಅಂಚಲ್ಲಿ ಉಳಿದ ಚೂಪು ಚೂರು (ಬರ್) ತೆಗೆಯೋಕೆ ಕೂರಿಸಿ ಕಳಿಸ್ತಾರೆ. ಹಾಗೆ ಮಾಡಿದ್ರೆ ಯಾರು ಉಳೀತಾರೆ? ಜಿಟಿಟಿಸಿ, ಎನ್‌ಟಿಟಿಎಫ್ ಥರದ ಟೂಲ್ ಟ್ರೈನಿಂಗ್ ಸಂಸ್ಥೆಗಳ ಮಕ್ಕಳನ್ನ ದೊಡ್ಡ ಕಂಪನಿಗಳು ಮೊದಲೇ ತಗೊಂಡು ಹೋಗಿರ್ತಾರೆ, ನಮಗೆ ಸಿಗಲ್ಲ. ನಾವು ಹೋಗೋದು ತುಮಕೂರು, ಕುಣಿಗಲ್ ಕಡೆ ಐಟಿಐಗಳಿಗೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ರಲ್ಲ, ಅಂಥ ಕಡೆಯಿಂದ ಬರೋ ಹುಡುಗರಿಗೆ ಸಿಎನ್‌ಸಿ ಕಂಡ್ರೆ ಭಯ ಇರಲ್ಲ. ಸ್ಟೈಪೆಂಡ್‌ನಲ್ಲಿ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮೀರದ ಹಾಗೆ, ಕೇಂದ್ರ ಸರ್ಕಾರ ನೇರ ಹುಡುಗರ ಅಕೌಂಟಿಗೆ ಹಾಕುತ್ತೆ, ಪಿಎಫ್, ಇಎಸ್‌ಐ ಹಿಡಿಯೋ ಹಾಗಿಲ್ಲ.

ಇಲ್ಲಿ ಟೈಮ್ ತಗೊಳ್ಳುತ್ತೆ, ಇವತ್ತು ಜನ ಬೇಕು ಅಂದ್ರೆ ಇವತ್ತು ಸಿಗಲ್ಲ. ಮೊದಲ ತಿಂಗಳು ನೋಡ್ತಾನೆ, ಆಮೇಲೆ ಅಳತೆ ತಗೊಳ್ತಾನೆ, ಆರೇಳು ತಿಂಗಳಿಗೆ ಒಂದು ಮೆಷಿನ್ ತಾನೇ ನೋಡ್ಕೊಳ್ತಾನೆ. ವರ್ಷ ಮುಗಿದ ಮೇಲೆ ಪಕ್ಕದ ಕ್ರಾಸಿನ ಕಂಪನಿಯವ್ರು ಎರಡು ಸಾವಿರ ಜಾಸ್ತಿ ಕೊಡ್ತೀನಿ ಅಂತ ಕೆಲವರನ್ನ ಕರ್ಕೊಂಡೂ ಹೋಗ್ತಾರೆ, ಹೋಗ್ಲಿ, ಹುಡುಗನ ಜೀವನ ಮುಂದಕ್ಕೆ ಹೋಯ್ತಲ್ಲ. ಉಳಿದವ್ರು ಮಾತ್ರ ಆಮೇಲೆ ಸೆಟ್ಟರ್ ಆಗ್ತಾರೆ, ಈಗ ನಮ್ಮ ಒಳ್ಳೇ ಸೆಟ್ಟರ್‌ಗಳಲ್ಲಿ ಬಹಳ ಜನ ಈ ದಾರೀಲಿ ಬಂದವ್ರೇ. ಸೇರಿಸೋಕೆ ಬರೋ ಅಪ್ಪಂದಿರು ಸ್ಟೈಪೆಂಡ್ ಬಗ್ಗೆ ಒಂದು ಸಲ ಕೇಳ್ತಾರೆ, ಊಟ, ರೂಮ್ ಬಗ್ಗೆ ನಾಲ್ಕು ಸಲ ಕೇಳ್ತಾರೆ, "ನಮ್ ಹುಡುಗ ಒಬ್ನೇ ಎಲ್ಲೂ ಇದ್ದೋನಲ್ಲ ಮೇಡಂ, ನೀವೇ ಸ್ವಲ್ಪ ನೋಡ್ಕೊಳ್ಳಿ" ಅಂತಾರೆ. ಆ ಮಾತಿಗೆ ಬೆಲೆ ಕೊಟ್ಟು ಮೊದಲ ಮೂರು ತಿಂಗಳು ರೂಮ್, ಊಟ, ಶಿಫ್ಟ್ ವಿಚಾರಿಸ್ಕೊಂಡ ಬ್ಯಾಚ್‌ನಲ್ಲೇ ಜಾಸ್ತಿ ಹುಡುಗರು ಉಳ್ಕೊಂಡಿದಾರೆ.

ಆಪರೇಟರ್ ಪೋಸ್ಟ್‌ಗೆ ನನ್ನ ಆರ್ಡರ್ ಹೀಗೆ: ವರ್ಷದ ಪ್ಲಾನಿಂಗ್‌ಗೆ ಅಪ್ರೆಂಟಿಸ್, ಮಧ್ಯದಲ್ಲಿ ಖಾಲಿ ಆದ ಜಾಗಕ್ಕೆ ರೆಫರಲ್ ಮತ್ತೆ ಗೇಟ್ ಎರಡೂ ಒಟ್ಟಿಗೆ, ಅದೂ ಆಗದೆ ಇದ್ರೆ ಆಪ್. ಯಾವ ದಾರೀಲಿ ಬಂದ್ರೂ ಎಲ್ರೂ ಕೇಳೋದು ಒಂದೇ, ಕೈಗೆ ಎಷ್ಟು ಬರುತ್ತೆ ಅಂತ. ಗ್ರಾಸ್ 20,000, ಅದರಲ್ಲಿ ಬೇಸಿಕ್ 15,000 ಅಂದ್ರೆ ಪಿಎಫ್ 1,800 ಹೋಗುತ್ತೆ, ಇಎಸ್‌ಐ 0.75 ಪರ್ಸೆಂಟ್ ಲೆಕ್ಕದಲ್ಲಿ 150, ಕೈಗೆ 18,050. ಇದನ್ನ ಮೊದಲ ಫೋನಲ್ಲೇ ಹೇಳಿಬಿಡಿ, 20 ಸಾವಿರ ಅಂತ ಕರೆಸಿ ಮೊದಲ ಸಂಬಳದ ದಿನ 18 ಸಾವಿರ ತೋರಿಸಿದ್ರೆ ಮಾರನೇ ದಿನ ಅವನು ಬರಲ್ಲ. ಬೋರ್ಡ್ ಬರೆಸೋರು "ಆಕರ್ಷಕ ಸಂಬಳ" ಅಂತ ಬರೆಸೋದು ಬಿಟ್ಟು ಈ ನಂಬರ್ ಬರೆಸಿ, ಶಿಫ್ಟ್ ಟೈಮ್ ಬರೆಸಿ, ಕಾಲ್ ಮಾಡಿದ್ರೆ ಎತ್ತೋರ ಫೋನ್ ನಂಬರ್ ಹಾಕ್ಸಿ.