ಮಗು ಯಾರ ಮನೆಯಲ್ಲಿ, ಎಷ್ಟು ದಿನ?

ವಿಚ್ಛೇದನದ ನಂತರ ಮಗುವಿನ ದಿನಗಳನ್ನು ಹೇಗೆ ಹಂಚಿಕೊಳ್ಳುವುದು ಅಂತ ಕೇಳಿದ್ದೀರಿ. ದಾರಿ ಮೂರು: ವಾರಕ್ಕೊಂದು ಮನೆ, 2-2-3 ದಿನಗಳ ಸರದಿ (ಒಬ್ಬರ ಬಳಿ 2 ದಿನ, ಇನ್ನೊಬ್ಬರ ಬಳಿ 2 ದಿನ, ಮತ್ತೆ ಮೊದಲಿನವರ ಬಳಿ 3 ದಿನ; ಮುಂದಿನ ವಾರ ಅದಲುಬದಲು), ಇಲ್ಲವೇ ಒಂದೇ ಮನೆಯಲ್ಲಿದ್ದು ವಾರಾಂತ್ಯಕ್ಕೆ ಇನ್ನೊಬ್ಬರ ಬಳಿ.

ಮೊದಲು ವಯಸ್ಸು ನೋಡಿ. ಪುಟ್ಟ ಮಗುವಿಗೆ 7 ದಿನ ಅಮ್ಮನನ್ನೋ ಅಪ್ಪನನ್ನೋ ಕಾಣದೆ ಇರುವುದು ಕಷ್ಟ ಅಲ್ವಾ? 2-2-3ರಲ್ಲಿ ಯಾರನ್ನೂ 3 ದಿನಕ್ಕಿಂತ ಜಾಸ್ತಿ ಬಿಟ್ಟಿರಬೇಕಿಲ್ಲ. ಆದರೆ ಓಡಾಟ ವಿಪರೀತ. ಗಣಿತದ ಪುಸ್ತಕ ಒಂದು ಮನೆಯಲ್ಲಿ, ಮಗು ಇನ್ನೊಂದರಲ್ಲಿ, ರಾತ್ರಿ ಒಂಬತ್ತಕ್ಕೆ ಫೋನು. ಹದಿಹರೆಯದವರಿಗಂತೂ ಇದು ಹಿಂಸೆ. ಅವರಿಗೆ ವಾರದ ಸರದಿಯೇ ವಾಸಿ, ಅವರನ್ನೂ ಒಂದು ಮಾತು ಕೇಳಿ.

ಖರ್ಚು? ಮೊದಲೆರಡರಲ್ಲೂ ಹಾಸಿಗೆ, ಬಟ್ಟೆ, ಔಷಧಿ ಎರಡೆರಡು ಬೇಕು.

ಶಾಲೆಗೆ ಎರಡೂ ಮನೆ ಹತ್ತಿರವಿಲ್ಲದಿದ್ದರೆ ಒಂದೇ ಮನೆ ಸರಿ. ರಜೆಯಲ್ಲಿ ಇನ್ನೊಬ್ಬರಿಗೆ ಧಾರಾಳವಾಗಿ ದಿನ ಕೊಡಿ. ಎದುರಾದರೆ ಜಗಳ ಅನ್ನುವವರು ಶಾಲೆಯಲ್ಲೇ ಮಗುವನ್ನು ಬದಲಾಯಿಸಿಕೊಳ್ಳಿ: ಬೆಳಿಗ್ಗೆ ಒಬ್ಬರು ಬಿಡಲಿ, ಸಂಜೆ ಇನ್ನೊಬ್ಬರು ಕರೆತರಲಿ. ಹೊಡೆತ, ಬೆದರಿಕೆ ಇದ್ದ ಸಂಸಾರವಾದರೆ ಈ ಹೋಲಿಕೆಯೇ ಬೇಡ. ಮೊದಲು ವಕೀಲರನ್ನು ಕಾಣಿ.