ಜನನ ಪ್ರಮಾಣಪತ್ರವೋ, ಚರ್ಚ್ ರಿಜಿಸ್ಟರೋ?

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಪೂರ್ವಜರನ್ನು ಹುಡುಕುವವರು ಮೊದಲು ಹುಟ್ಟಿದ ವರ್ಷ ನೋಡಿಕೊಳ್ಳಿ. ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕೂ ಹಿಂದಿನವರಿಗೆ ಮಕ್ಕಳ ದೀಕ್ಷಾಸ್ನಾನವನ್ನು ಬರೆದಿಡುತ್ತಿದ್ದ ಚರ್ಚ್ ರಿಜಿಸ್ಟರೇ ಗತಿ.

ಎರಡೂ ಸಿಗುವಂತಿದ್ದರೆ ದುಡ್ಡು ಕೊಟ್ಟಾದರೂ ಪ್ರಮಾಣಪತ್ರವನ್ನೇ ತರಿಸಿ. ಹುಟ್ಟಿದ ದಿನ, ತಂದೆಯ ಕಸುಬು, ಎಲ್ಲಕ್ಕಿಂತ ಮುಖ್ಯವಾಗಿ ತಾಯಿಯ ತವರು ಮನೆತನದ ಹೆಸರು ಅದರಲ್ಲಿರುತ್ತದೆ. ಜಾನ್ ಸ್ಮಿತ್‌ಗಳ ಸಂತೆಯಲ್ಲಿ ನಿಮ್ಮವನನ್ನು ಗುರುತಿಸಲು ಬೇಕಾದದ್ದು ಇದೇ. ಸರ್ಕಾರಿ ನೋಂದಣಿ ನೋಡಿಕೊಳ್ಳುವ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲೂ ಆ ತವರು ಹೆಸರು ಕಾಣುತ್ತದೆ. ಸೂಚಿಯನ್ನು ಮೂರು ಮೂರು ತಿಂಗಳ ಕಂತಿನಲ್ಲಿ ಮಾಡಿದ್ದಾರೆ; ನೋಂದಣಿಗೆ 42 ದಿನ ಅವಕಾಶವಿದ್ದುದರಿಂದ ಮಾರ್ಚ್‌ನಲ್ಲಿ ಹುಟ್ಟಿದ ಮಗು ಏಪ್ರಿಲ್‌-ಜೂನ್ ಕಂತಿನಲ್ಲಿ ಸಿಗಬಹುದು. 1875ಕ್ಕೆ ಮುಂಚೆ ನೋಂದಾಯಿಸದೇ ಬಿಟ್ಟವರೂ ಇದ್ದರು.

1813ರ ನಂತರದ ಚರ್ಚ್ ನಮೂನೆಯಲ್ಲಿ ತಂದೆತಾಯಿಯ ಹೆಸರು, ವಾಸ, ಕಸುಬು ಇವೆ, ತವರಿನ ಹೆಸರಿಗೆ ಅಂಕಣವೇ ಇಲ್ಲ. ದಿನಾಂಕವೂ ದೀಕ್ಷಾಸ್ನಾನದ್ದು, ನಾಲ್ಕೈದು ಮಕ್ಕಳಿಗೆ ಒಟ್ಟಿಗೇ ಮಾಡಿಸಿದ್ದೂ ಉಂಟು.

ಯಾವ ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದ) ರಿಜಿಸ್ಟರ್ ಹುಡುಕಬೇಕೆಂದು ತಿಳಿಯಲು 1851ರ ಜನಗಣತಿ ನೋಡಿ. 1841ರದ್ದರಲ್ಲಿ ಹುಟ್ಟೂರಿನ ಹೆಸರಿಲ್ಲ, 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ. ಬೆಂಗಳೂರು ದಂಡಿನಲ್ಲಿ ಹುಟ್ಟಿದ ಬ್ರಿಟಿಷ್ ಸೈನಿಕನ ಮಗುವಾದರೆ ದಾರಿಯೇ ಬೇರೆ: ಮೊದಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ಪಟ್ಟಿ ಹುಡುಕಿ.