ಒಂದೇ 4060, ಮೂರು ಪ್ರಾಸೆಸರ್: ಹಳೇ ಬಿ450 ಬೋರ್ಡ್ ಇನ್ನೂ ಸಾಕು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಎಎಂಡಿ ಪ್ರಾಸೆಸರ್ ಕೂರುವ ಬಿ450 ಮದರ್‌ಬೋರ್ಡ್, ಅದರಲ್ಲಿ ರೈಜನ್ 5 2600 ಇದ್ದು, ಈಗಷ್ಟೇ ಹೊಸ ಗ್ರಾಫಿಕ್ಸ್ ಕಾರ್ಡ್ ತಂದಿದ್ದರೆ, ಬೋರ್ಡ್ ಬದಲಿಸಬೇಡಿ, ರ‍್ಯಾಮ್ ಮುಟ್ಟಬೇಡಿ. ಪ್ರಾಸೆಸರ್ ಮಾತ್ರ ತೆಗೆದು ರೈಜನ್ 5 5600 ಕೂರಿಸಿ. ನಾನು ಮಾಡಿದ್ದು ಅದೇ, ಆರಾಮಾಗಿದ್ದೇನೆ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು ಒಪ್ಪಲಿಲ್ಲ. "ಸಾರ್, ಹಳೇ ಬೋರ್ಡ್‌ಗೆ ಯಾಕೆ ದುಡ್ಡು ಹಾಕ್ತೀರಾ? ಎಎಂ5ಗೇ ಹೋಗ್ಬಿಡಿ" ಎಂದರು. ಎಎಂ5 ಎಂದರೆ ಎಎಂಡಿಯ ಹೊಸ ಸಾಕೆಟ್, ಬಿ450ಯದು ಹಿಂದಿನ ಎಎಂ4. ಅವರ ಮಾತನ್ನೂ ಪರೀಕ್ಷೆ ಮಾಡಿಯೇ ನೋಡಿದೆ. ನನ್ನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡನ್ನು ಮೊದಲು 2600 ಜೊತೆ ಓಡಿಸಿದೆ, ಆಮೇಲೆ ಅದೇ ಬೋರ್ಡಿನಲ್ಲಿ 5600 ಜೊತೆ. ಕೊನೆಗೆ ತಮ್ಮನ ಮನೆಗೆ ಹೊತ್ತುಕೊಂಡು ಹೋಗಿ, ಅವನ ರೈಜನ್ 5 7600 ಇರುವ ಎಎಂ5 ಮಷಿನ್‌ಗೂ ಹಾಕಿ ನೋಡಿದೆ. ಮಾನಿಟರ್ ನನ್ನದು 1080ಪಿ, 75 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಫ್ರೇಮ್ ತೋರಿಸುವಂಥದ್ದು. ಇದು ನೆನಪಿರಲಿ, ಕೊನೆಯ ತೀರ್ಮಾನ ಇದರ ಮೇಲೇ ನಿಂತಿದೆ.

2600 ಕೆಟ್ಟ ಪ್ರಾಸೆಸರ್ ಏನಲ್ಲ. 2018ರಲ್ಲಿ ಬಂದದ್ದು ಇವತ್ತಿಗೂ ರೆಡ್ ಡೆಡ್ ರಿಡೆಂಪ್ಶನ್ 2 ಚೆನ್ನಾಗಿಯೇ ಓಡಿಸುತ್ತದೆ. ಕಾಡಿನಲ್ಲಿ ಕುದುರೆ ಹತ್ತಿ ಹೋಗುವವನಿಗೆ ತೊಂದರೆಯೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಜನ ಜಾಸ್ತಿ ಇರುವ ಊರಿಗೆ ಹೋದಾಗ. ಸೈಬರ್‌ಪಂಕ್ 2077ರ ಮಾರುಕಟ್ಟೆ, ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ಪಟ್ಟಣ, ರೇ ಟ್ರೇಸಿಂಗ್ (ನಿಜದಂಥ ಬೆಳಕು, ಪ್ರತಿಬಿಂಬ) ಹಾಕಿದ ಸ್ಪೈಡರ್‌ಮ್ಯಾನ್. ಇಲ್ಲೆಲ್ಲ ಫ್ರೇಮ್ ಸೆಕೆಂಡಿಗೆ 60ರಿಂದ ಸರ್ರನೆ ಜಾರುತ್ತದೆ, ಜೊತೆಗೆ ಆಗಾಗ ಒಂದು ಜರ್ಕ್. ಕಾರ್ಡ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿ ನೋಡಿದರೆ ಕಾರ್ಡ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೆಲಸ ಮಾಡುತ್ತಾ ಆರಾಮಾಗಿ ಕೂತಿರುತ್ತದೆ.

ಆಗ ಎಲ್ಲರೂ ಮಾಡುವುದೇನು? ಸೆಟ್ಟಿಂಗ್ಸ್ ಇಳಿಸುತ್ತಾರೆ, ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಹಾಕುತ್ತಾರೆ. ಏನೂ ಆಗುವುದಿಲ್ಲ. ಯಾರು ಎಲ್ಲಿ ನಡೆಯಬೇಕು, ಯಾವ ಕಾರು ಎತ್ತ ತಿರುಗಬೇಕು, ಈ ಫ್ರೇಮಿನಲ್ಲಿ ಏನೇನು ಬಿಡಿಸಬೇಕು ಎಂದು ಲೆಕ್ಕ ಹಾಕಿ ಕೊಡುವುದು ಸಿಪಿಯು, ಅಂದರೆ ಪ್ರಾಸೆಸರ್. ಮದುವೆ ಮನೆಯಲ್ಲಿ ಅಡುಗೆ ಆಗಿಲ್ಲ, ಬಡಿಸುವವರು ಸುಮ್ನೆ ನಿಂತಿದ್ದಾರೆ ಅಂದುಕೊಳ್ಳಿ. ಎಲೆ ಚಿಕ್ಕದು ಮಾಡಿದರೆ ಅನ್ನ ಬೇಗ ಬೇಯುತ್ತಾ? ರೆಸಲ್ಯೂಶನ್ ಇಳಿಸುವುದೂ ಅಷ್ಟೇ. ಸೈಬರ್‌ಪಂಕ್‌ನಲ್ಲಿ ಕ್ರೌಡ್ ಡೆನ್ಸಿಟಿ ಇಳಿಸಿದರೆ ಸ್ವಲ್ಪ ಉಪಯೋಗ ಇದೆ. ರೇ ಟ್ರೇಸಿಂಗ್ ತೆಗೆದರೂ ಇದೆ, ಯಾಕೆಂದರೆ ಅದು ಕಾರ್ಡಿನ ಜೊತೆ ಸಿಪಿಯುಗೂ ಕೆಲಸ ಹೆಚ್ಚಿಸುತ್ತದೆ. ಟೆಕ್ಸ್ಚರ್ ಇಳಿಸುವುದಂತೂ ದಂಡ.

4060ರಲ್ಲಿ ಫ್ರೇಮ್ ಜನರೇಶನ್ ಇದೆಯಲ್ಲ ಎನ್ನಬಹುದು. ಇದೆ. ನಡುವಿನ ಫ್ರೇಮುಗಳನ್ನು ಕಾರ್ಡೇ ಹುಟ್ಟಿಸುವುದರಿಂದ ಮೂಲೆಯಲ್ಲಿ ಕಾಣುವ ಸಂಖ್ಯೆ ಏರುತ್ತದೆ. ಮೌಸ್ ಹಿಡಿದ ಕೈಗೆ ಮಾತ್ರ ಹಳೆಯ ವೇಗವೇ ಗೊತ್ತಾಗುತ್ತದೆ, ಜರ್ಕ್ ಕೂಡ ಹೋಗುವುದಿಲ್ಲ.

5600ಗೆ ಬಂದಾಗ ಆದ ವ್ಯತ್ಯಾಸಕ್ಕೆ ಕಾರಣ ಕೋರ್ ಅಲ್ಲ. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, ಎರಡೂ 65 ವ್ಯಾಟ್. ಆದರೆ 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ (ಪ್ರಾಸೆಸರ್ ಒಳಗಿನ ವೇಗದ ಮೆಮೊರಿ) ಎರಡು ಭಾಗ. ಮೂರು ಕೋರ್‌ಗೆ 8, ಇನ್ನು ಮೂರಕ್ಕೆ 8. ಈ ಕಡೆಯ ಕೋರ್‌ಗೆ ಆ ಕಡೆಯ ಡೇಟಾ ಬೇಕೆಂದರೆ ದೂರದ ದಾರಿ. 5600ರಲ್ಲಿ 32 ಎಂಬಿ ಒಂದೇ ಕಡೆ, ಆರೂ ಕೋರ್‌ಗಳಿಗೆ. ಒಂದೊಂದು ಕೋರ್ ಕೂಡ ಜಾಸ್ತಿ ಚುರುಕು. ಮೇಲೆ ಹೇಳಿದ ಜಾಗಗಳಲ್ಲೆಲ್ಲ ಈಗ ಫ್ರೇಮ್ 60ರ ಕೆಳಗೆ ಇಳಿಯುವುದೇ ಅಪರೂಪ. ಸರಾಸರಿಗಿಂತ ನನಗೆ ಮುಖ್ಯವಾದದ್ದು ಆ ಜರ್ಕ್ ಹೋದದ್ದು.

ಇನ್ನು ತಲೆನೋವಿನ ವಿಷಯ: ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್. ಹಳೆಯ ಬಯಾಸ್ ಇರುವ ಬಿ450 ಬೋರ್ಡ್‌ಗೆ 5600 ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಪ್ರಾಸೆಸರ್ ಹಾಳು ಬಂತು ಎಂದು ಅಂಗಡಿಗೆ ವಾಪಸ್ ಓಡುವವರು ಇಂಥವರೇ. ಹಾಗಾಗಿ 2600 ಒಳಗಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಕೆಲವು ಬೋರ್ಡ್‌ಗಳಲ್ಲಿ ನೇರ ಕೊನೆಯ ಆವೃತ್ತಿಗೆ ಹೋಗುವ ಹಾಗೂ ಇಲ್ಲ, ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕು. ನನ್ನದು ಅಂಥದ್ದೇ. ಬೋರ್ಡಿನ ಪುಟದಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ.

ಪೆನ್‌ಡ್ರೈವ್ ಫ್ಯಾಟ್32 ಆಗಿರಬೇಕು. ಮನೆಯಲ್ಲಿದ್ದದ್ದು 64 ಜಿಬಿಯದು, ಅದಕ್ಕೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ ಫ್ಯಾಟ್32 ಆಯ್ಕೆಯನ್ನೇ ತೋರಿಸಲಿಲ್ಲ. ಡ್ರಾಯರ್ ಹುಡುಕಿ ಹಳೇ 8 ಜಿಬಿಯದೊಂದು ತೆಗೆದೆ. ಆಮೇಲೆ ಕರೆಂಟ್. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತ ಹಾಗೆ. ಮಳೆಗಾಲದ ಸಂಜೆ, ಗುಡುಗು ಬೇರೆ. ಯುಪಿಎಸ್‌ಗೆ ಸಿಕ್ಕಿಸಿ, ಮರುದಿನ ಬೆಳಿಗ್ಗೆವರೆಗೆ ಕಾದು ಮಾಡಿದೆ.

ಬಯಾಸ್ ಮುಗಿಯಿತು, ಪ್ರಾಸೆಸರ್ ಬದಲಿಸಿದೆ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ (ಭದ್ರತೆಯ ಕೀಗಳನ್ನು ಇಡುವ ಜಾಗ) ರೀಸೆಟ್ ಮಾಡಲೇ, ವೈ ಅಥವಾ ಎನ್ ಒತ್ತಿ. ಇಲ್ಲಿ ಸುಮ್ನೆ ವೈ ಒತ್ತಿಬಿಡಬೇಡಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಆಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿಡಿ. ಲಾಗಿನ್ ಪಿನ್ ಕೂಡ ಹೊಸದಾಗಿ ಹಾಕಬೇಕಾಗುತ್ತದೆ.

ಎಲ್ಲ ಆಯಿತು ಅಂದುಕೊಳ್ಳುವಷ್ಟರಲ್ಲಿ ಮಗ ಬಂದ. "ಅಪ್ಪಾ, ವ್ಯಾಲೊರಂಟ್ ಓಪನ್ನೇ ಆಗ್ತಿಲ್ಲ." ಬಯಾಸ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ಸ್ ಎಲ್ಲ ಮೊದಲಿನ ಸ್ಥಿತಿಗೆ ಹೋಗಿದ್ದವು. ನಂಬಿಕೆಯ ಸಾಫ್ಟ್‌ವೇರ್‌ನಿಂದ ಮಾತ್ರ ಮಷಿನ್ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್. ವಿಂಡೋಸ್ 11ರಲ್ಲಿ ಆ ಆಟಕ್ಕೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಎರಡೂ ಬೇಕು. ಅದರ ಜೊತೆ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಕೂಡ ಆಫ್ ಆಗಿತ್ತು, 3200ರ ರ‍್ಯಾಮ್ ನಿಧಾನಕ್ಕೆ ಓಡುತ್ತಿತ್ತು. ಹೊಸ ಪ್ರಾಸೆಸರ್ ಹಾಕಿಯೂ ಏನೂ ಫರಕ್ಕಿಲ್ಲ ಎನ್ನುವವರು ಒಮ್ಮೆ ಅಲ್ಲಿ ನೋಡಲಿ.

ಕೂಲರ್ ಕೀಳುವ ಬಗ್ಗೆ ಒಂದೇ ಮಾತು. ಎಎಂ4ರಲ್ಲಿ ಪಿನ್ ಇರುವುದು ಪ್ರಾಸೆಸರ್‌ಗೆ. ಒಣಗಿದ ಪೇಸ್ಟ್ ಹಿಡಿದುಕೊಂಡಿದ್ದರೆ ಕೂಲರ್ ಜೊತೆ ಅದೂ ಕಿತ್ತು ಬರುತ್ತದೆ. ಮೊದಲು ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ, ಮೆಲ್ಲಗೆ ತಿರುಗಿಸಿ ಎತ್ತಿ.

ತಮ್ಮನ 7600 ನಿಜಕ್ಕೂ ಮೇಲು. ಅವನ 144 ಹರ್ಟ್ಸ್ ಮಾನಿಟರ್‌ನಲ್ಲಿ ವ್ಯಾಲೊರಂಟ್ ಆಡಿದ ನನ್ನ ಮಗ ವಾಪಸ್ ಬರಲು ಒಪ್ಪಲಿಲ್ಲ. ಆದರೆ ನಾನು ಆಡುವ ಆಟಗಳಲ್ಲಿ, 1080ಪಿ ಹೈ ಸೆಟ್ಟಿಂಗ್‌ನಲ್ಲಿ, ಹೆಚ್ಚಿನ ಕಡೆ 4060 ತಾನೇ ಸುಸ್ತಾಗಿ ನಿಲ್ಲುತ್ತದೆ. 5600 ಜೊತೆಗೂ ಅಲ್ಲೇ ನಿಲ್ಲುತ್ತದೆ. ಎಎಂ5ಗೆ ಹೋಗಲು ಬೋರ್ಡ್, ಪ್ರಾಸೆಸರ್, ಡಿಡಿಆರ್5 ರ‍್ಯಾಮ್ ಮೂರೂ ಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮ್ ಬೆಲೆ ಏರಿದ್ದು ನೋಡಿದ್ದೀರಲ್ಲ.

ಪಿಸಿಐಇ (ಕಾರ್ಡ್ ಮತ್ತು ಬೋರ್ಡಿನ ನಡುವಿನ ಡೇಟಾ ದಾರಿ) ಬಗ್ಗೆ ಕೇಳುವವರಿಗೆ: 4060 ಎಂಟು ಲೇನ್‌ನ ಕಾರ್ಡ್, ಬಿ450 ಮೂರನೇ ತಲೆಮಾರಿನದ್ದು. ಕಾರ್ಡಿನ 8 ಜಿಬಿ ಮೆಮೊರಿ ತುಂಬದಿದ್ದರೆ ನಷ್ಟ ಸಣ್ಣದು. ಕಾರ್ಡ್ 115 ವ್ಯಾಟ್, ಹಳೇ 450 ವ್ಯಾಟ್ ಸಪ್ಲೈ ಸಾಕಾಯಿತು. 12 ಜಿಬಿ ಆಸೆಗೆ ಇಂಟೆಲ್ ಬಿ580 ಗ್ರಾಫಿಕ್ಸ್ ಕಾರ್ಡ್ ನೋಡಿದ್ದೆ, ಆದರೆ 2025ರ ಆರಂಭದಲ್ಲಿ ವಿಮರ್ಶಕರು ಹಳೆಯ ಪ್ರಾಸೆಸರ್‌ಗಳ ಜೊತೆ ಅದರ ವೇಗ ಕುಸಿಯುವುದನ್ನು ತೋರಿಸಿದ್ದರು. ರೈಜನ್ 2000 ಇಂಟೆಲ್ ಬೆಂಬಲದ ಪಟ್ಟಿಯಲ್ಲೂ ಇಲ್ಲ. ಬಿಟ್ಟೆ.

ನಿಮ್ಮದು 144 ಹರ್ಟ್ಸ್ ಮಾನಿಟರ್, ಆಡುವುದು ಶೂಟಿಂಗ್ ಗೇಮ್, ಕೈಯಲ್ಲಿ ದುಡ್ಡಿದೆ ಎಂದರೆ ಎಎಂ5ಗೆ ಹೋಗಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ ಕಥೆಯ ಆಟ ಆಡುವ ನನ್ನಂಥವರಿಗೆ 5600 ಸಾಕು. ಉಳಿದ ದುಡ್ಡಲ್ಲಿ ನಾನು 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿಕೊಂಡೆ. ಮಗನ 144 ಹರ್ಟ್ಸ್ ಬೇಡಿಕೆ ಪಿಯುಸಿ ರಿಸಲ್ಟ್ ಬರೋವರೆಗೂ ಪೆಂಡಿಂಗ್.